ಓದುವಾಗ ಎಲ್ಲ ಅರ್ಥವಾಗುತ್ತದೆ, ಲೆಕ್ಕ ಬಿಡಿಸಲು ಕೂತರೆ ಕೈಕೊಡುತ್ತದೆ

ಪ್ರಶ್ನೆ: ನಾನು ಬಿಎಸ್‌ಸಿ ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ. ಪಿಯುಸಿಯಲ್ಲಿ ಗೈಡ್ ಓದಿಯೇ ಒಳ್ಳೆಯ ಅಂಕ ಬಂದಿತ್ತು. ಈಗ ಭೌತಶಾಸ್ತ್ರದ ನೋಟ್ಸನ್ನು ಮೂರು ಮೂರು ಸಲ ಓದಿದರೂ, ಲೆಕ್ಕವನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ. ಹೇಗೆ ಓದಬೇಕು?

ಉತ್ತರ: ನೋಟ್ಸ್ ಓದುವಾಗ ಮುಂದಿನ ಸಾಲು ಕಣ್ಣೆದುರೇ ಇರುತ್ತದೆ. ಪರೀಕ್ಷೆಯಲ್ಲಿ ಆ ಸಾಲನ್ನು ನೀವೇ ತರಬೇಕು. ಮೂರನೇ ಸಲ ಓದುವ ಹೊತ್ತಿಗೆ ಪುಟ ಕಣ್ಣಿಗೆ ರೂಢಿಯಾಗಿರುತ್ತದೆ, ಅದನ್ನೇ ಅರ್ಥವಾಯಿತು ಎಂದುಕೊಳ್ಳುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಕೇಳಿದಾಗ ಲೆಕ್ಕ ತಲೆಕೆಳಗಾಯಿತು: ಒಮ್ಮೆ ಓದಿ, ಆಮೇಲೆ ನೋಡದೆ ಬರೆದಿದ್ದವರಿಗೆ ಶೇ 56ರಷ್ಟು ನೆನಪಿತ್ತು, ಎರಡು ಸಲ ಓದಿದವರಿಗೆ ಶೇ 42.

ಹಾಗಾಗಿ ಮೂರು ಓದಿನಲ್ಲಿ ಎರಡನ್ನು ಕೈಬಿಡಿ. ಪಾಠ ನಡೆದ ದಿನ ಸಂಜೆಯೇ ನೋಟ್ಸ್ ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ನೆನಪಿದ್ದಷ್ಟು ಬರೆಯಿರಿ. ಚಿತ್ರ, ಸೂತ್ರ, ಕಾರಣ ಎಲ್ಲವೂ ಬರಲಿ. ನಂತರ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮಾರನೇ ದಿನ ಓದಬೇಕಾದ್ದು ಆ ಕೆಂಪು ಸಾಲುಗಳನ್ನು ಮಾತ್ರ. ಇದನ್ನೇ ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾಡಿ.

ಇನ್ನು ಸೂತ್ರಗಳು. ಪ್ರತಿ ಸೂತ್ರದ ಕೆಳಗೆ ಮೂರು ಸಂಗತಿ ಬರೆದುಕೊಳ್ಳಿ: ಪ್ರತಿ ಅಕ್ಷರ ಯಾವುದರ ಅಳತೆ, ಸೂತ್ರ ಯಾವಾಗ ಅನ್ವಯಿಸುತ್ತದೆ, ಯಾವಾಗ ಅನ್ವಯಿಸುವುದಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳುವವರು ಕೈಹಾಕುವುದು ಮೂರನೆಯದಕ್ಕೇ, ಗೈಡುಗಳು ಸಾಮಾನ್ಯವಾಗಿ ನುಂಗಿಬಿಡುವುದೂ ಅದನ್ನೇ.

ಘರ್ಷಣೆಯನ್ನೇ ತೆಗೆದುಕೊಳ್ಳಿ. ಸಮತಟ್ಟಾದ ನೆಲದ ಮೇಲೆ 10 ಕೆ.ಜಿ. ಪೆಟ್ಟಿಗೆ ಇದೆ, ಸ್ಟ್ಯಾಟಿಕ್ ಘರ್ಷಣೆಯ (ಕದಲದೆ ನಿಂತ ವಸ್ತುವಿನ ಮೇಲಿನ ಘರ್ಷಣೆಯ) ಗುಣಾಂಕ 0.5. ಅಡ್ಡಲಾಗಿ 20 ನ್ಯೂಟನ್ ಬಲ ಹಾಕಿ ತಳ್ಳಿದರೆ ಘರ್ಷಣೆ ಎಷ್ಟು? 'ಮ್ಯೂ ಎನ್' (ಗುಣಾಂಕ × ನೆಲ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತುವ ಬಲ, ಇಲ್ಲಿ ಅದು 10 × 9.8 = 98 ನ್ಯೂಟನ್) ಎಂದು ಬಾಯಿಪಾಠ ಮಾಡಿದವರು 0.5 × 98 = 49 ನ್ಯೂಟನ್ ಎಂದು ಬರೆದು ಮುಂದೆ ಹೋಗುತ್ತಾರೆ. ಅದು ನಿಜವಾದರೆ ಪೆಟ್ಟಿಗೆಯ ಮೇಲೆ 29 ನ್ಯೂಟನ್ ಬಲ ಹಿಮ್ಮುಖವಾಗಿ ಉಳಿದು, ತಳ್ಳಿದವರ ಮೇಲೇ ಪೆಟ್ಟಿಗೆ ನುಗ್ಗಿ ಬರಬೇಕು! ಸರಿಯಾದ ಉತ್ತರ 20 ನ್ಯೂಟನ್. 49 ಎಂಬುದು ಸ್ಟ್ಯಾಟಿಕ್ ಘರ್ಷಣೆಯ ಮೇಲ್ಮಿತಿ. ಪೆಟ್ಟಿಗೆ ಕದಲುವ ತನಕ, ನಾವು ಹಾಕಿದಷ್ಟೇ ಬಲ ಎದುರಿನಿಂದ ಬರುತ್ತದೆ. ಸೂತ್ರದ ಕೆಳಗೆ 'ಇನ್ನೇನು ಕದಲಬೇಕು ಎಂಬ ಹಂತದಲ್ಲಿ ಮಾತ್ರ' ಎಂದು ಬರೆದುಕೊಂಡಿದ್ದರೆ ಈ ತಪ್ಪಿಗೆ ಎಡೆಯೇ ಇರುತ್ತಿರಲಿಲ್ಲ. ಉತ್ತರ ಬಂದ ಮೇಲೆ 'ಹೀಗಾಗಲು ಸಾಧ್ಯವೇ?' ಎಂದು ಕೇಳಿಕೊಳ್ಳುವ ಅಭ್ಯಾಸವೂ ಇರಲಿ.

'ಎಲ್ಲಿಂದ ಶುರು ಮಾಡಬೇಕೆಂದು ತೋಚುವುದಿಲ್ಲ' ಎಂದಿರಿ. ನಿಮ್ಮ ಕಷ್ಟದ ಬುಡ ಅಲ್ಲಿದೆ. ಅಧ್ಯಾಯದ ಕೊನೆಯ ಲೆಕ್ಕಗಳನ್ನು ಸಾಲಾಗಿ ಮಾಡುವಾಗ ಯಾವ ತತ್ವ ಬಳಸಬೇಕು ಎಂಬುದನ್ನು ಅಧ್ಯಾಯದ ಶೀರ್ಷಿಕೆಯೇ ಹೇಳಿಬಿಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಮನೋವಿಜ್ಞಾನಿ ಮಿಷೆಲಿನ್ ಚಿ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದ್ದು ಇದನ್ನೇ: ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಲು ಹೇಳಿದರೆ ಹೊಸಬರು ಇಳಿಜಾರಿನದು, ಸ್ಪ್ರಿಂಗಿನದು ಎಂದು ಚಿತ್ರ ನೋಡಿ ವಿಂಗಡಿಸುತ್ತಾರೆ. ಪಳಗಿದವರು ಶಕ್ತಿ ಸಂರಕ್ಷಣೆಯದು, ನ್ಯೂಟನ್ನನ ಎರಡನೇ ನಿಯಮದ್ದು ಎಂದು ತತ್ವ ನೋಡಿ ವಿಂಗಡಿಸುತ್ತಾರೆ.

ಇದಕ್ಕೆ ಮದ್ದು ಚೀಟಿ. ಮುಗಿದಿರುವ ನಾಲ್ಕೈದು ಅಧ್ಯಾಯಗಳಿಂದ ಇಪ್ಪತ್ತು ಲೆಕ್ಕಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಕಲಸಿ. ಒಂದೊಂದನ್ನೇ ಎತ್ತಿ, ಬಿಡಿಸಲು ಹೋಗದೆ, ಯಾವ ತತ್ವ ಮತ್ತು ಏಕೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಅರ್ಧ ಗಂಟೆಯ ಕೆಲಸ. ಆಮೇಲೆ ಅನುಮಾನ ಹುಟ್ಟಿಸಿದ ನಾಲ್ಕೈದನ್ನು ಮಾತ್ರ ಪೂರ್ತಿ ಬಿಡಿಸಿ. ಮೊದಮೊದಲು ತಪ್ಪುಗಳೇ ಹೆಚ್ಚಾಗುತ್ತವೆ, ಅಲ್ಲಿಗೇ ಬಿಡಬೇಡಿ. ಸಂಶೋಧಕರಾದ ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು ಪರೀಕ್ಷಿಸಿದಾಗ, ಒಂದೇ ಬಗೆಯವನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ವೇಳೆ ಶೇ 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ 60. ವಾರದ ಬಳಿಕದ ಪರೀಕ್ಷೆಯಲ್ಲಿ ಮೊದಲಿನವರು ಶೇ 20ಕ್ಕೆ ಕುಸಿದರು, ಕಲಸಿ ಮಾಡಿದವರು ಶೇ 63ರಲ್ಲಿ ನಿಂತರು.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪಠ್ಯ ಅರ್ಥವಾಗದೆ ಡೆಫಿನಿಷನ್‌ಗಳನ್ನು ಉರುಹೊಡೆಯುತ್ತಿದ್ದೇನೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಯೋಚನೆ ಕನ್ನಡದಲ್ಲೇ ನಡೆಯಲಿ. ಪರಿಕಲ್ಪನೆಯನ್ನು ತಮ್ಮನಿಗೋ ತಂಗಿಗೋ ಹೇಳಿಕೊಡುವಂತೆ ಕನ್ನಡದಲ್ಲಿ ಗಟ್ಟಿಯಾಗಿ ವಿವರಿಸಿ, ಒಂದು ಉದಾಹರಣೆ ಕೊಡಿ. ಎಲ್ಲಿ 'ಅಂದ್ರೆ... ಒಂಥರಾ...' ಎಂದು ತಡವರಿಸುತ್ತೀರೋ ಪುಸ್ತಕದ ಆ ಜಾಗಕ್ಕೇ ಹಿಂತಿರುಗಿ. ವಿವರಣೆ ಸಲೀಸಾದ ಮೇಲೆ ಅದನ್ನೇ ಎರಡು ಮೂರು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಪಾರಿಭಾಷಿಕ ಪದಗಳು ಪುಸ್ತಕದಲ್ಲಿ ಇದ್ದಂತೆಯೇ ಇರಲಿ, ಉಳಿದ ವಾಕ್ಯ ನಿಮ್ಮದಾಗಲಿ. ಈ ಕ್ರಮವನ್ನು ಹಿಂದುಮುಂದು ಮಾಡಿ ಮೊದಲೇ ಇಂಗ್ಲಿಷ್ ವಾಕ್ಯ ಉರುಹೊಡೆದರೆ, ನಡುವೆ ಒಂದು ಪದ ಮರೆತರೂ ಪೂರ್ತಿ ಉತ್ತರ ನಿಂತುಹೋಗುತ್ತದೆ.

ಪ್ರಶ್ನೆ: ಬಿಡಿಸಿದ ಉದಾಹರಣೆಗಳನ್ನು ನೋಡಿ ಕಲಿಯುವುದು ತಪ್ಪೇ?

ಉತ್ತರ: ಖಂಡಿತ ಅಲ್ಲ. ಹೊಸ ಅಧ್ಯಾಯಕ್ಕೆ ಅದೇ ಒಳ್ಳೆಯ ಆರಂಭ, ನೋಡುವ ಬಗೆ ಮಾತ್ರ ಬದಲಾಗಬೇಕು. ಉತ್ತರವನ್ನು ಕಾಗದದಿಂದ ಮುಚ್ಚಿ ಒಂದೊಂದೇ ಸಾಲು ಸರಿಸಿ. ಪ್ರತಿ ಸಾಲಿಗೂ 'ಇದು ಏಕೆ ಬಂತು' ಎಂದು ಅಂಚಿನಲ್ಲಿ ಎರಡು ಪದ ಬರೆಯಿರಿ, ಮುಂದಿನ ಸಾಲು ಏನಿರಬಹುದೆಂದು ಊಹಿಸಿ ನೋಡಿ. ಹೀಗೆ ಎರಡು ಉದಾಹರಣೆ ಮುಗಿದರೆ ಮೂರನೆಯದನ್ನು ಪೂರ್ತಿ ಮುಚ್ಚಿ ಮಾಡಿ. ಹದಿನೈದು ನಿಮಿಷ ಹೆಣಗಿದರೂ ಬಗೆಹರಿಯದಿದ್ದರೆ ಒಂದೇ ಒಂದು ಸಾಲು ಇಣುಕಿ, ಮತ್ತೆ ಮುಚ್ಚಿ ಮುಂದುವರಿಸಿ.