‘ಎಷ್ಟ್ ದಿನ ಅಂತ ಬಸುರಿ ಆಗಿರ್ತೀರಿ?’ – ತೂಕದ ಆಪರೇಷನ್ ಮುಚ್ಚಿಟ್ಟ ಒಂದು ಪ್ರಕರಣ

ನಾನು ಆಪ್ತಸಲಹೆಗಾರ್ತಿ. ನನ್ ಹತ್ರ ಬಂದ ಒಬ್ರ ಕಥೆ ಇದು. ಹೆಸರು, ಊರು, ಕೆಲಸ ಎಲ್ಲಾ ಬದಲಾಯಿಸಿದೀನಿ, ಅವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ. ಬರೆಯೋಕೆ ಕಾರಣ ಏನಂದ್ರೆ, ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡು ಊರಲ್ಲಿ "ಗಾಲ್ ಬ್ಲಾಡರ್ ಕಲ್ಲು ತೆಗೆಸ್ದೆ" ಅಂತ ಹೇಳ್ಕೊಂಡು ಓಡಾಡೋರು ನನ್ ಹತ್ರ ಬಂದಿದ್ದು ಇದು ಮೂರನೇ ಸಲ. ಇನ್ನೊಂದು ಕಾರಣ, ಈ ಪ್ರಕರಣದಲ್ಲಿ ಮೊದಲ ತಪ್ಪು ನಂದೇ.

ಸುಧಾ ಅಂತ ಇಟ್ಕೊಳ್ಳಿ. 36 ವರ್ಷ, ಮಂಡ್ಯ ಕಡೆ ಹಳ್ಳಿ, ಒಬ್ಬ ಮಗ. 112 ಕೆಜಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 43, ಜೊತೆಗೆ ಶುಗರ್. ವಾಕಿಂಗ್, ರಾತ್ರಿ ಊಟ ಬಿಡೋದು, ಯಾರೋ ಮಾರೋ ಪುಡಿ, ಎಲ್ಲಾ ಆಗಿತ್ತು. ಆಪರೇಷನ್‌ಗೆ ಮುಂಚೆ ಮನಸ್ಸಿನ ತಯಾರಿ ನೋಡಿ ಅಂತ ಸರ್ಜನ್ ಮೈಸೂರಲ್ಲಿರೋ ನನ್ ಹತ್ರ ಕಳ್ಸಿದ್ರು. ನಾನು ಕೇಳ್ಬೇಕಾದ್ದೆಲ್ಲ ಕೇಳ್ದೆ, ಬೇಜಾರಾದಾಗ ತಿಂತೀರಾ, ಖಿನ್ನತೆ ಇದ್ಯಾ, ಇದು ವಾಪಸ್ ಸರಿಮಾಡೋಕೆ ಬರಲ್ಲ ಅನ್ನೋದು ಗೊತ್ತಾ ಅಂತ. ಅವ್ರಿಗೆ ಮಾಡ್ಬೇಕಿದ್ದ ಆಪರೇಷನ್ ಹೆಸರು ಸ್ಲೀವ್, ಅಂದ್ರೆ ಊಟ ಇಳಿಯೋ ಹೊಟ್ಟೆ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದೆಲ್ಲ ಅವ್ರಿಗೆ ಗೊತ್ತಿತ್ತು. ಕೊನೇಲಿ "ಗಂಡಂಗೆ ಮಾತ್ರ ಗೊತ್ತು ಮೇಡಮ್, ಅತ್ತೆಗೆ ಹೇಳಲ್ಲ" ಅಂದ್ರು. ನಾನು "ನಿಮ್ಮ ದೇಹ, ನಿಮ್ಮ ವಿಷ್ಯ" ಅಂದ್ಬಿಟ್ಟೆ. ಮನೇಲಿ ತಟ್ಟೆಗೆ ಬಡಿಸೋರು ಯಾರು ಅಂತ ಕೇಳ್ಲೇ ಇಲ್ಲ.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ವಾಪಸ್ ಬಂದ್ರು. 26 ಕೆಜಿ ಇಳಿದಿತ್ತು, ಶುಗರ್ ಮಾತ್ರೆ ಕಮ್ಮಿ ಆಗಿತ್ತು, ಕೂದಲು ಉದುರ್ತಿತ್ತು (ಇದು ಆ ಸಮಯದಲ್ಲಿ ಸುಮಾರು ಜನಕ್ಕೆ ಆಗುತ್ತೆ, ಆಮೇಲೆ ಬರುತ್ತೆ). ಆದ್ರೆ ಮುಖದಲ್ಲಿ ಕಳೆ ಇರ್ಲಿಲ್ಲ. ಏನಾಯ್ತು ಅಂದ್ರೆ ನಾದಿನಿ ಮಗಳ ಮದುವೆ ಆಗಿ ಬೀಗರ ಊಟ, ಎಲೆ ಮುಂದೆ ಕೂತಿದಾರೆ, ಮಟನ್ ಸಾರು ಮುದ್ದೆ. ಬಡಿಸೋರು "ಒಂದೇ ಒಂದ್ ಹಾಕುಸ್ಕಳವ್ವ" ಅಂತ ಇಟ್ಟೇಬಿಟ್ರು. ಈಗ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳೋದೇ ಬೇಡ, ಮುದ್ದೆ ಅಗಿಯೋ ಪದಾರ್ಥ ಅಲ್ಲ, ನುಂಗೋದು. ಈ ಆಪರೇಷನ್ ಆದೋರಿಗೆ ಮೊದಲ ಪಾಠವೇ ಪ್ರತಿ ತುತ್ತು ನುಣ್ಣಗಾಗೋವರೆಗೂ ಅಗೀರಿ, ಊಟದ ಜೊತೆ ನೀರು ಕುಡೀಬೇಡಿ, ಅರ್ಧ ಗಂಟೆ ಬಿಟ್ಟು ಕುಡೀರಿ ಅಂತ. ಸುಧಾ ನಾಲ್ಕು ತುತ್ತು ನುಂಗಿ, ಎದೇಲಿ ಸಿಕ್ಕಾಕೊಂಡಂಗಾಗಿ, ಶಾಮಿಯಾನದ ಹಿಂದೆ ಹೋಗಿ ವಾಂತಿ ಮಾಡ್ಕೊಂಡ್ರು.

ಅದನ್ನ ಯಾರೋ ನೋಡಿದ್ರು. ಸಂಜೆ ಹೊತ್ಗೆ ಊರೆಲ್ಲಾ "ಏನವ್ವ, ವಿಸೇಸ್ವಾ?"

ನಾನು, ಅಯ್ಯೋ ಎಷ್ಟ್ ಮುಜುಗರ ಆಗಿರ್ಬೇಕಲ್ವಾ ಅಂದೆ. ಸುಧಾ ತಲೆ ಬಗ್ಗಿಸ್ಕೊಂಡು ಹೇಳಿದ್ದು ಇದು: "ಇಲ್ಲ ಮೇಡಮ್, ನಾನು ಅಲ್ಲ ಅನ್ಲೇ ಇಲ್ಲ. ಮೂರು ವಾರ ಆಯ್ತು. ನಿಜ ಹೇಳಿದ್ರೆ ಬಾಯಿ ಕಟ್ಟಕ್ಕಾಗ್ದೆ ಹೊಟ್ಟೆ ಕುಯ್ಸ್ಕಂಡವ್ಳೆ ಅಂತಾರೆ. ಬಸುರಿ ಅಂದ್ರೆ ಕೂರಕ್ಕೆ ಕುರ್ಚಿ ಹಾಕ್ತಾರೆ."

"ಎಷ್ಟ್ ದಿನ ಅಂತ ಬಸುರಿ ಆಗಿರ್ತೀರಿ?" ಅಂತ ನನ್ ಬಾಯಿಂದ ಬಂದ್ಬಿಡ್ತು. ಆಪ್ತಸಲಹೆಯಲ್ಲಿ ಹಂಗೆ ಕೇಳ್ಬಾರ್ದು ಅಂತ ಗೊತ್ತು. ಅವ್ರು ನಕ್ಕರು, ಸುಮಾರು ಹೊತ್ತು ನಗ್ತಾನೇ ಇದ್ರು, ಆಮೇಲೆ ಬ್ಯಾಗಿಂದ ಮಾತ್ರೆ ಸ್ಟ್ರಿಪ್ ತೆಗೆದು ಟೇಬಲ್ ಮೇಲಿಟ್ರು. ಅರ್ಧಕ್ಕರ್ಧ ಹಂಗೇ ಇದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಜೀವನಪೂರ್ತಿ ತಗೋಬೇಕಾದ್ದು, ಅತ್ತೆ ಕಣ್ಣು ತಪ್ಪಿಸಿ ಸೀರೆ ಮಧ್ಯೆ ಇಟ್ಟು ನೆನಪಾದಾಗ ತಗೋತಿದ್ರಂತೆ. ಪ್ರೋಟೀನ್ ಪೌಡರ್ ಡಬ್ಬ ಮನೆಗೇ ತಂದಿಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅಂತಾರೆ, ಇವ್ರು ಸೊಪ್ಪಿನ ಸಾರು ನೀರಲ್ಲೇ ಕಾಲ ಹಾಕ್ತಿದಾರೆ. ಹೊಟ್ಟೆ ಸಣ್ಣ ಮಾಡ್ಸಿದ್ದನ್ನ ಮುಚ್ಚಿಡೋಕೆ ಹೋಗಿ ಹೊಟ್ಟೇನೇ ಉಪವಾಸ ಕೆಡವಿದ್ರು.

ನಾನು ಹೇಳಿದ್ದು ಎರಡೇ. ಒಂದು, ನಾಳೇನೇ ಸರ್ಜನ್ ಹತ್ರ ಹೋಗಿ. ವಾಂತಿ ಆಗ್ತಾನೇ ಇದ್ರೆ ಅದು ಮನಸ್ಸಿನ ವಿಷ್ಯ ಅಲ್ಲ, ಉಳಿದ ಹೊಟ್ಟೆ ಎಲ್ಲಾದ್ರೂ ಕಿರಿದಾಗಿರಬಹುದು, ಜೊತೆಗೆ ವಿಟಮಿನ್ ಬಿ1 ಕಮ್ಮಿ ಆದ್ರೆ ನರಕ್ಕೇ ಪೆಟ್ಟು, ಕಾಲು ಜೋಮು ಹಿಡಿದ್ರೆ ಒಂದ್ ದಿನಾನೂ ಕಾಯ್ಬಾರ್ದು. ಮತ್ತೆ ಆಪರೇಷನ್ ಆಗಿ 12ರಿಂದ 18 ತಿಂಗಳು ಬಸುರಿ ಆಗ್ಬೇಡಿ ಅಂತ ಡಾಕ್ಟ್ರುಗಳೇ ಹೇಳ್ತಾರೆ, ತೂಕ ಇಳಿದಾಗ ಗರ್ಭ ನಿಲ್ಲೋ ಸಾಧ್ಯತೆ ಜಾಸ್ತಿ ಆಗೋದೂ ಇದೆ, ಹಂಗಾಗಿ ಸುಳ್ಳು ನಿಜ ಆಗ್ದಂಗೆ ನೋಡ್ಕೊಳ್ಳಿ ಅಂತಾನೂ ಹೇಳ್ದೆ. ಎರಡು, ಊರಿಗೆ ಹೇಳ್ಬೇಡಿ, ಬಡಿಸೋರಿಗೆ ಹೇಳಿ. ಅಂದ್ರೆ ಅತ್ತೆಗೆ.

ನನ್ನ ಸಹೋದ್ಯೋಗಿ ಒಬ್ರು ಇದಕ್ಕೆ ಒಪ್ಪಲಿಲ್ಲ, ಕ್ಲೈಂಟ್ ಗುಟ್ಟು ಬಿಚ್ಚೋಕೆ ಒತ್ತಾಯ ಮಾಡ್ದಂಗಾಯ್ತು ಅಂದ್ರು. ಇರಬಹುದು. ಆದ್ರೆ ನಮ್ಮ ಮನೆಗಳಲ್ಲಿ ಊಟ ಅನ್ನೋದು ಒಬ್ಬರ ವಿಷ್ಯ ಯಾವತ್ತಾದ್ರೂ ಆಗಿತ್ತಾ? ತಾನೇ ಬಡಿಸ್ಕೊಂಡು ತಾನೇ ತಿನ್ನೋರಿಗೆ ‘ನಿಮ್ಮ ದೇಹ ನಿಮ್ಮ ವಿಷ್ಯ’ ಅನ್ನೋದು ಸರಿ. ಇಲ್ಲಿ ಇನ್ನೊಬ್ಬರ ಕೈಯಲ್ಲಿ ಸೌಟಿದೆ.

ಮುಂದಿನ ಸಲ ಅತ್ತೇನೂ ಬಸ್ ಹತ್ತಿ ಬಂದ್ರು. ಬೈತಾರೆ ಅಂತ ನಾನು ರೆಡಿಯಾಗಿದ್ದೆ. ಆಯಮ್ಮ ಕೂತು ಸ್ವಲ್ಪ ಹೊತ್ತು ಸುಮ್ನಿದ್ದು, "ನಾಲ್ಕ್ ತಿಂಗ್ಳಿಂದ ನಾನ್ ಇಕ್ಕಿದ್ದೆಲ್ಲಾ ಬುಟ್ಟು ಏಳ್ತಿದ್ಲು ಕಣವ್ವ, ನನ್ ಕೈ ರುಚೀನೇ ಕೆಟ್ಟೋಗದೆ ಅನ್ಕಂಡಿದ್ದೆ" ಅಂದ್ರು. ಸುಧಾಗೆ ಇದು ಗೊತ್ತೇ ಇರ್ಲಿಲ್ಲ. ಆ ಸೆಷನ್‌ನಲ್ಲಿ ನಾನು ಮಾತಾಡಿದ್ದು ಕಮ್ಮಿ. ಆಯಮ್ಮ ಕೇಳಿದ ಪ್ರಶ್ನೆಗಳೇ ಚೆನ್ನಾಗಿದ್ವು, ಮೊಟ್ಟೆ ಕೊಡ್ಬೋದಾ, ಕಾಳು ಅರೆದು ಕೊಡ್ಲಾ, ಮುದ್ದೆ ಬದ್ಲು ಅಂಬ್ಲಿ ಆಯ್ತದಾ. ಡಯಟೀಶಿಯನ್ ನಂಬರ್ ಕೊಟ್ಟೆ, ಅವ್ರನ್ನೇ ಕೇಳಿ ಅಂತ.

ಮೊನ್ನೆ ಸುಧಾ ಫೋನ್ ಮಾಡಿದ್ರು. ವಾಂತಿ ನಿಂತಿದೆ, ಮಾತ್ರೆ ಡಬ್ಬ ಈಗ ಅಡುಗೆಮನೆ ಗೂಡಲ್ಲಿ ಉಪ್ಪಿನ ಜಾಡಿ ಪಕ್ಕ ಇರುತ್ತಂತೆ. ಊರೋರು ಕೇಳಿದ್ರೆ ಅತ್ತೇನೇ ಮುಂದೆ ನಿಂತು "ಬಸುರಿ ಅಲ್ಲ, ನಮ್ಮ ಸೊಸೆಗೆ ಗ್ಯಾಸ್ಟ್ರಿಕ್ಕು, ಬಲವಂತ ಮಾಡ್ಬ್ಯಾಡ್ರಿ" ಅಂತಾರಂತೆ. ಸಹೋದ್ಯೋಗಿಗೆ ಹೇಳಿದ್ರೆ, ಒಂದು ಸುಳ್ಳು ಬಿಡಿಸಿ ಇನ್ನೊಂದು ಹೇಳಿಸಿದ್ರಲ್ಲ ಅಂತ ನಗ್ತಾರೆ. ನಾನಂತೂ ಆ ಗ್ಯಾಸ್ಟ್ರಿಕ್ ತಿದ್ದೋಕೆ ಹೋಗಿಲ್ಲ.