ತಾವರೆ ದಂಟಿನ ತೂತು, ಕಪ್ಪೆಚಿಪ್ಪಿನ ಕೊಳವೆ: ಎರಡೂ ಒಂದೇನಾ?

ಪ್ರಶ್ನೆ: ಸರ್, ನಮ್ಮೂರು ಹರಿಹರದ ಹತ್ತಿರ. ಕೆರೆಯ ತಾವರೆ ದಂಟು ಮುರಿದಾಗ ಒಳಗೆಲ್ಲ ತೂತು ಇತ್ತು. ಗೋಕರ್ಣದಲ್ಲಿ ಸಿಕ್ಕ ಜೀವಂತ ಕಪ್ಪೆಚಿಪ್ಪನ್ನು ನೀರಿಗೆ ಹಾಕಿದರೆ ಅದೂ ಎರಡು ಕೊಳವೆ ಚಾಚಿತು. ಎರಡೂ ಉಸಿರಾಡೋಕೇನಾ ಅಂತ ಮಗಳು ಪೀಡಿಸ್ತಿದ್ದಾಳೆ.

ಉತ್ತರ: ಮಗಳ ಊಹೆ ಮುಕ್ಕಾಲು ಪಾಲು ಸರಿ. ಕೆಸರಿನಲ್ಲಿ ಸ್ವಲ್ಪ ಕೆಳಗಿಳಿದರೂ ಆಮ್ಲಜನಕ ಇರಲ್ಲ, ಬ್ಯಾಕ್ಟೀರಿಯಾಗಳು ಅದನ್ನು ಮುಗಿಸಿರುತ್ತವೆ. ಅಲ್ಲಿ ಹೂತುಕೊಂಡು ಬದುಕೋರು ಮೇಲಿನಿಂದಲೇ ತರಿಸಿಕೊಳ್ಳಬೇಕು. ತಾವರೆ ತರಿಸಿಕೊಳ್ಳೋದು ಗಾಳಿ, ಕಪ್ಪೆಚಿಪ್ಪು ತರಿಸಿಕೊಳ್ಳೋದು ನೀರು.

ತಾವರೆದು ನಿಜಕ್ಕೂ ಮಜಾ ಇದೆ. ಬಿಸಿಲಿಗೆ ಎಲೆಯೊಳಗೆ ನೀರಾವಿ ತುಂಬುತ್ತೆ, ಹೊರಗಿನ ಗಾಳಿ ಸಣ್ಣ ರಂಧ್ರಗಳಿಂದ ಒಳಗೆ ಸೇರುತ್ತೆ, ಆದರೆ ಅದೇ ದಾರಿಯಲ್ಲಿ ಸುಲಭವಾಗಿ ವಾಪಸ್ ಬರೋಕಾಗಲ್ಲ, ಹಾಗಾಗಿ ಒತ್ತಡ ಏರಿ ಗಾಳಿ ದಂಟಿನ ತೂತಿನಲ್ಲಿ ಕೆಸರಿನ ಗೆಡ್ಡೆವರೆಗೂ ಇಳಿಯುತ್ತೆ. ಆಮೇಲೆ ಬೇರೆ ತೂತಿನಲ್ಲಿ ಮೇಲೆ ಬಂದು ಎಲೆಯ ನಟ್ಟನಡುವಿನ ತಿಳಿಬಣ್ಣದ ಬಿಲ್ಲೆಯಿಂದ ಹೊರಗೆ ಹೋಗುತ್ತೆ. ನಂಬಿಕೆ ಬರದಿದ್ದರೆ ಉದ್ದ ದಂಟಿರೋ ಎಲೆ ತಂದು, ನಡುವೆ ಒಂದಿಷ್ಟು ನೀರು ಹಾಕಿ, ದಂಟಿನ ತುದಿಯಿಂದ ಮಗಳಿಗೆ ಜೋರಾಗಿ ಊದೋಕೆ ಹೇಳಿ. ನೀರಿನಲ್ಲಿ ಗುಳ್ಳೆ ಏಳುತ್ತೆ.

ಚಿಪ್ಪಿನ ಪ್ರಾಣಿ ಬಿಸಿಲನ್ನು ನಂಬಿಕೊಂಡಿಲ್ಲ. ಅದರ ಕಿವಿರುಗಳ ಮೇಲಿನ ಸೂಕ್ಷ್ಮ ರೋಮಗಳು ಸದಾ ಬಡಿಯುತ್ತಾ ಒಂದು ಕೊಳವೆಯಿಂದ ನೀರೆಳೆದು ಇನ್ನೊಂದರಿಂದ ಹೊರಗೆ ಹಾಕುತ್ತವೆ. ಆ ನೀರಿನಲ್ಲೇ ಆಮ್ಲಜನಕ, ಆ ನೀರಿನಲ್ಲೇ ಊಟ: ತೇಲುವ ಪಾಚಿಯ ಕಣಗಳನ್ನು ಕಿವಿರೇ ಸೋಸಿ ಬಾಯಿಗೆ ಕಳಿಸುತ್ತೆ. ತಾವರೆಗೆ ಅಡುಗೆ ಎಲೆಯಲ್ಲೇ ಆಗುತ್ತಲ್ವಾ, ಹಾಗಾಗಿ ಅದರ ತೂತಿಗೆ ಗಾಳಿ ಸಾಗಿಸೋದಷ್ಟೇ ಕೆಲಸ. ಮಗಳ ಊಹೆಯಲ್ಲಿ ಬಾಕಿ ಉಳಿದ ಕಾಲು ಪಾಲು ಇದೇ. ಅಂದಹಾಗೆ, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಗೂಯಿಡಕ್ ಅನ್ನೋ ಚಿಪ್ಪಿನ ಪ್ರಾಣಿಗೆ ಕೊಳವೆಯೇ ಸುಮಾರು 1 ಮೀಟರ್ ಚಾಚುತ್ತೆ, ಚಿಪ್ಪಿನೊಳಗೆ ಹಿಡಿಸೋದೇ ಇಲ್ಲ.

ಜೊಂಡು ಹುಲ್ಲು ಕೂಡ ಹೀಗೇ ಗಾಳಿ ಇಳಿಸಿಕೊಳ್ಳೋ ಗಿಡ. ನಿಮ್ಮ ಕಡೆ ಕೆರೆ, ನಾಲೆ ಬದಿ ಜಾಸ್ತಿ ಬೆಳೆದಿದ್ದರೆ ನೀರಿನ ಮೇಲೆ ಕತ್ತರಿಸಿ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತೆ. ಒಣಗಿದ ದಂಟೂ ಬಿಡದೆ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ, ಮೋಟಿನ ಮೇಲೆ ಕೆಲವು ವಾರ ನೀರು ನಿಲ್ಲೋ ಹಾಗೆ ನೋಡಿಕೊಳ್ಳಿ. ಗಾಳಿ ಸಿಗದೆ ಗೆಡ್ಡೆ ಕೊಳೆಯುತ್ತೆ.