ಬುಕಿಂಗ್‌ನ 9 ಸೆಕೆಂಡು ಎಲ್ಲಿ ಕೂತಿತ್ತು?

ಪ್ರಶ್ನೆ: ನಮ್ಮದು ಬಸ್ ಟಿಕೆಟ್ ಬುಕಿಂಗ್ ಆ್ಯಪ್. ಹಿಂದೆ ಒಂದೇ ದೊಡ್ಡ ಪ್ರೋಗ್ರಾಂ ಇತ್ತು. ಈಗ ಸೀಟು, ದರ, ಪಾವತಿ, ಎಸ್‌ಎಂಎಸ್ ಅಂತ 7 ಸರ್ವಿಸ್‌ಗಳಾಗಿವೆ. ಮಾಮೂಲಿ ದಿನ 2 ಸೆಕೆಂಡಿನಲ್ಲಿ ಮುಗಿಯುವ ಬುಕಿಂಗ್ ಶುಕ್ರವಾರ ಸಂಜೆ ಕೆಲವರಿಗೆ 9 ಸೆಕೆಂಡು ಹಿಡಿಯುತ್ತದೆ. ಪ್ರತಿ ತಂಡವೂ ತನ್ನ ಗ್ರಾಫ್ ತೋರಿಸಿ ‘ನಮ್ದು ಸರಿಯಾಗೇ ಓಡ್ತಿದೆ’ ಎನ್ನುತ್ತದೆ. ಪ್ರತಿ ಸರ್ವಿಸ್ ಬರೆದಿಡುವ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು, ಸಮಯ ನೋಡಿ ಹೊಂದಿಸಲು ಹೋಗಿ ಸುಸ್ತಾಗಿದ್ದೇವೆ. ಒಂದು ಬುಕಿಂಗ್‌ಗೆ ಸೇರಿದ್ದನ್ನೆಲ್ಲ ಒಟ್ಟಿಗೆ ನೋಡುವುದು ಹೇಗೆ?
— ಹುಬ್ಬಳ್ಳಿಯ ಒಬ್ಬ ಡೆವಲಪರ್

ಉತ್ತರ: ಮೊದಲು ಸಮಯ ನೋಡಿ ಹೊಂದಿಸುವುದನ್ನು ಬಿಡಿ. ಶುಕ್ರವಾರ ಸಂಜೆ ಒಂದೇ ಸೆಕೆಂಡಿನಲ್ಲಿ ಎಷ್ಟೋ ಬುಕಿಂಗ್ ಬರುತ್ತವೆ. ಲಾಗ್‌ನ ಯಾವ ಸಾಲು ಯಾರದ್ದು ಅಂತ ಸಮಯ ಹೇಳುವುದಿಲ್ಲ. ಸಾಲದ್ದಕ್ಕೆ ಎರಡು ಸರ್ವರ್‌ಗಳ ಗಡಿಯಾರ ಕೆಲವು ಮಿಲಿಸೆಕೆಂಡಾದರೂ ಹಿಂದೆ ಮುಂದೆ ಇರುತ್ತವೆ. ಕೇಳುವ ಮೊದಲೇ ಉತ್ತರ ಬಂದ ಹಾಗೆ ಕಾಣುವುದೂ ಉಂಟು.

ತಾಲ್ಲೂಕು ಕಚೇರಿಯ ಟಪಾಲು ವಿಭಾಗವನ್ನು ನೆನಪಿಸಿಕೊಳ್ಳಿ. ಅರ್ಜಿ ಒಳಗೆ ಬಂದ ಕೂಡಲೇ ಅದಕ್ಕೊಂದು ನಂಬರ್ ಬೀಳುತ್ತದೆ. ಆಮೇಲೆ ಯಾರ ಮೇಜಿಗೆ ಹೋದರೂ ಅದೇ ನಂಬರ್. ಯಾವಾಗ ಬಂತು, ಯಾವಾಗ ಮುಂದೆ ಹೋಯಿತು ಅಂತ ಪ್ರತಿ ಮೇಜಿನಲ್ಲೂ ಬರೆಯುತ್ತಾರೆ. ಫೈಲು ಎಲ್ಲಿ ಕೂತಿತ್ತು ಅಂತ ಆಮೇಲೆ ಹುಡುಕಬಹುದು. ನಿಮ್ಮ ಬುಕಿಂಗ್‌ಗೂ ಇದೇ ಬೇಕು. ಒಂದು ಬುಕಿಂಗ್‌ನ ಪೂರ್ತಿ ಓಡಾಟಕ್ಕೆ ಟ್ರೇಸ್ ಎನ್ನುತ್ತಾರೆ. ಒಂದೊಂದು ಮೇಜಿನ ಕೆಲಸಕ್ಕೆ ಸ್ಪ್ಯಾನ್ ಎನ್ನುತ್ತಾರೆ.

ಗೂಗಲ್ ತನ್ನೊಳಗೆ ಬಳಸುತ್ತಿದ್ದ ಡ್ಯಾಪರ್ ಎಂಬ ಟ್ರೇಸಿಂಗ್ ವ್ಯವಸ್ಥೆಯ ಬಗ್ಗೆ 2010ರಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಟ್ವಿಟರ್‌ನಿಂದ ಜಿಪ್ಕಿನ್ ಬಂತು, ಊಬರ್‌ನಿಂದ ಯೇಗರ್ ಬಂತು. ಆದರೆ ನಂಬರ್ ಸಾಗಿಸುವ ರೀತಿ ಒಬ್ಬೊಬ್ಬರದು ಒಂದೊಂದಾಗಿತ್ತು. 2020ರಲ್ಲಿ ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದಕ್ಕೂ ಒಂದು ಮಾನದಂಡ ಕೊಟ್ಟಿತು. ಪ್ರತಿ ರಿಕ್ವೆಸ್ಟ್ ಜೊತೆ ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್ (ಲಕೋಟೆಯ ಮೇಲಿನ ಬರಹದಂಥದ್ದು) ಹೋಗಬೇಕು. ಅದರಲ್ಲಿ ಟ್ರೇಸ್‌ನ ನಂಬರಿಗೆ 32 ಹೆಕ್ಸ್ ಅಕ್ಷರ (0ಯಿಂದ 9, aಯಿಂದ f), ಕಳಿಸಿದ ಸ್ಪ್ಯಾನ್‌ನ ನಂಬರಿಗೆ 16. ಈ ಎರಡನೆಯದು ಬಹಳ ಮುಖ್ಯ. ಯಾರು ಯಾರನ್ನು ಕರೆದರು ಎಂಬ ವಂಶವೃಕ್ಷ ಕಟ್ಟುವುದು ಅದರಿಂದಲೇ.

ಇದನ್ನೆಲ್ಲ ಕೈಯಿಂದ ಬರೆಯಬೇಕಿಲ್ಲ. ಟ್ರೇಸ್ ಬರೆಯಲು ಓಪನ್‌ಟೆಲಿಮೆಟ್ರಿ ಎಂಬ ಸಾಧನವಿದೆ. ಅದು ಉಚಿತ, ಓಪನ್ ಸೋರ್ಸ್. ಜಾವಾ ಆಗಿದ್ದರೆ ಕೋಡ್ ಮುಟ್ಟದೆ ಅದರ ಏಜೆಂಟನ್ನು (ಸಹಾಯಕ ಪ್ರೋಗ್ರಾಂ) ಜೊತೆಗಿಟ್ಟು ಸರ್ವಿಸ್ ಶುರು ಮಾಡಿದರೆ ಸಾಕು. ಎಚ್‌ಟಿಟಿಪಿ ಕರೆ, ಡೇಟಾಬೇಸ್ ಕ್ವೆರಿಗಳಿಗೆ ತಾನೇ ಸ್ಪ್ಯಾನ್ ಬರೆಯುತ್ತದೆ. ನಿಮ್ಮ ಲಾಗ್‌ನ ಪ್ರತಿ ಸಾಲಿನಲ್ಲೂ ಟ್ರೇಸ್ ನಂಬರ್ ಬರುವಂತೆ ಮಾಡಿ. ಸ್ಪ್ಯಾನ್ ಜೊತೆ ಬುಕಿಂಗ್ ನಂಬರನ್ನೂ ಬರೆಯಿಸಿ. ಗ್ರಾಹಕರು ಫೋನ್ ಮಾಡಿ ಹೇಳುವುದು ಅದನ್ನೇ ಅಲ್ವಾ? ಆದರೆ ಮೊಬೈಲ್ ನಂಬರ್, ಆಧಾರ್, ಕಾರ್ಡ್ ವಿವರ ಬೇಡವೇ ಬೇಡ. ಟ್ರೇಸ್ ನೋಡುವವರು ಬಹಳ ಜನ ಇರುತ್ತಾರೆ.

ಎಸ್‌ಎಂಎಸ್ ಕಳಿಸುವ ಹತ್ತಿರ ನಿಮ್ಮ ಸರಪಳಿ ಕಡಿಯುವ ಸಾಧ್ಯತೆ ಜಾಸ್ತಿ. ಅಲ್ಲಿ ನೇರ ಕರೆ ಇರುವುದಿಲ್ಲ, ಮೆಸೇಜುಗಳು ಸರದಿಯಲ್ಲಿ ಕಾಯುವ ಕ್ಯೂ ಇರುತ್ತದೆ. ಕಾಫ್ಕಾದಂಥ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್ ಆದರೆ ಮೆಸೇಜಿನ ಹೆಡರ್‌ನಲ್ಲೇ ನಂಬರ್ ಹೋಗುತ್ತದೆ. ಎಷ್ಟೋ ಕಡೆ ಒಂದು ಟೇಬಲ್‌ಗೆ ಸಾಲು ಬರೆದಿಟ್ಟು, ನಿಮಿಷಕ್ಕೊಮ್ಮೆ ಒಂದು ಜಾಬ್ ಬಂದು ಎತ್ತಿಕೊಳ್ಳುತ್ತದೆ. ಅದು ಏಜೆಂಟಿಗೆ ಗೊತ್ತಾಗುವುದಿಲ್ಲ. ಆ ಟೇಬಲ್‌ಗೆ ಒಂದು ಕಾಲಂ ಸೇರಿಸಿ ಟ್ರೇಸ್‌ಪೇರೆಂಟನ್ನು ಅಲ್ಲೇ ಇಡಿ. ಜಾಬ್ ಒಂದೇ ಸಲಕ್ಕೆ 500 ಸಾಲು ಎತ್ತಿದರೆ ಅದಕ್ಕೆ 500 ತಂದೆಯರು, ಅಂದರೆ ಅದನ್ನು ಕರೆದ 500 ಸ್ಪ್ಯಾನ್‌ಗಳು, ಇರಲು ಆಗದು. ಸ್ಪ್ಯಾನ್ ಲಿಂಕ್ ಇರುವುದು ಇದಕ್ಕೇ. ಜಾಬ್‌ನ ಟ್ರೇಸ್ ಬೇರೆಯೇ ಇರುತ್ತದೆ, ಅದರಿಂದ ಪ್ರತಿ ಬುಕಿಂಗ್‌ಗೂ ಒಂದು ಕೊಂಡಿ ಇರುತ್ತದೆ.

ಈಗ ನಿಮ್ಮ 9 ಸೆಕೆಂಡು. ಟ್ರೇಸ್ ತೆರೆದಾಗ ಪ್ರತಿ ಸ್ಪ್ಯಾನ್ ತಾನು ಹಿಡಿದ ಸಮಯದಷ್ಟು ಉದ್ದದ ಪಟ್ಟಿಯಾಗಿ ಕಾಣುತ್ತದೆ. ಎಲ್ಲರ ಕಣ್ಣೂ ಉದ್ದದ ಪಟ್ಟಿಯ ಮೇಲೆ ಹೋಗುತ್ತದೆ. ನೀವು ಪಟ್ಟಿಗಳ ನಡುವಿನ ಖಾಲಿ ಜಾಗ ನೋಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಇಂಥದ್ದೇ ತೊಂದರೆ ಇತ್ತು. ಸೀಟಿನ ಕ್ವೆರಿ 12 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಡೇಟಾಬೇಸ್ ತಂಡ ಹೇಳಿದ್ದು ನಿಜವೇ. ಆದರೆ ಆ ಕ್ವೆರಿ ಶುರುವಾಗುವ ಮೊದಲು 5 ಸೆಕೆಂಡು ಏನೂ ಇರಲಿಲ್ಲ. ಸುಮ್ನೆ ಖಾಲಿ. ಅಷ್ಟು ಹೊತ್ತೂ ಪ್ರೋಗ್ರಾಂ ಡೇಟಾಬೇಸ್ ಕನೆಕ್ಷನ್‌ಗಾಗಿ ಸರದಿಯಲ್ಲಿ ನಿಂತಿತ್ತು. ತೆರೆದಿಟ್ಟ ಕನೆಕ್ಷನ್‌ಗಳನ್ನು ಹಂಚಿಕೊಡುವುದು ಪೂಲ್. ಜಾವಾದ ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಪೂಲ್‌ನಲ್ಲಿ ನೀವೇನೂ ಹೇಳದಿದ್ದರೆ ಹೆಚ್ಚೆಂದರೆ 10 ಕನೆಕ್ಷನ್. ನಮ್ಮ ಕೋಡ್ ಟ್ರಾನ್ಸಾಕ್ಷನ್ ತೆರೆದು, ಸೀಟು ಹಿಡಿದು, ಅದನ್ನು ಮುಗಿಸದೆಯೇ ಪಾವತಿಯ ಉತ್ತರಕ್ಕೆ ಕಾಯುತ್ತಿತ್ತು. 10 ಜನ ಪಾವತಿಯಲ್ಲಿದ್ದರೆ 11ನೆಯವರು ಬಾಗಿಲಲ್ಲೇ ನಿಲ್ಲಬೇಕು. ಕಾದ ಸಮಯ ಡೇಟಾಬೇಸ್ ಲೆಕ್ಕಕ್ಕೂ ಬರಲಿಲ್ಲ, ಪಾವತಿಯ ಲೆಕ್ಕಕ್ಕೂ ಬರಲಿಲ್ಲ. ಎಲ್ಲರ ಗ್ರಾಫೂ ಸರಿಯಾಗಿತ್ತು.

ಪೂಲ್ ದೊಡ್ಡದು ಮಾಡೋಣ ಎಂಬ ಮಾತು ಬಂತು. ನಾವು ಹಾಗೆ ಮಾಡಲಿಲ್ಲ. ಸೀಟನ್ನು ತಾತ್ಕಾಲಿಕವಾಗಿ ಹಿಡಿದು ಕಮಿಟ್ ಮಾಡಿ (ಟ್ರಾನ್ಸಾಕ್ಷನ್ ಮುಗಿಸಿ), ಕನೆಕ್ಷನ್ ಬಿಟ್ಟು, ಆಮೇಲೆ ಪಾವತಿಗೆ ಹೋದೆವು. ಹಣ ಬಂದ ಮೇಲೆ ಸೀಟು ಖಾಯಂ. ಶುಕ್ರವಾರ ಮಾತ್ರ ನಿಧಾನ ಎನ್ನುವ ನಿಮ್ಮ ಮಾತು ಕೇಳಿದರೆ ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಪ್ರಶ್ನೆ: ಎಲ್ಲ ರಿಕ್ವೆಸ್ಟ್‌ಗಳ ಟ್ರೇಸ್ ಇಟ್ಟರೆ ಖರ್ಚು ವಿಪರೀತ. ನೂರಕ್ಕೆ ಒಂದನ್ನು ಇಟ್ಟುಕೊಂಡರೆ ಸಾಕೇ?
— ಬೆಂಗಳೂರಿನ ಓದುಗರು

ಉತ್ತರ: ಒಟ್ಟಾರೆ ಚಿತ್ರಕ್ಕೆ ಸಾಕು. ಗೂಗಲ್‌ನ ಡ್ಯಾಪರ್ ಶುರುವಿನಲ್ಲಿ 1024ಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು. ಆದರೆ ಅಷ್ಟು ದಟ್ಟಣೆ ನಮ್ಮಲ್ಲಿ ಇರುವುದಿಲ್ಲ. ಅಪರೂಪಕ್ಕೆ ನಿಧಾನವಾಗುವ ಬುಕಿಂಗ್ ಆ ಒಂದರಲ್ಲಿ ಸಿಗುವುದು ಅದೃಷ್ಟದ ಮಾತು.

ಟೇಲ್ ಸ್ಯಾಂಪ್ಲಿಂಗ್ ಬಳಸಿ. ಇಡಬೇಕೋ ಬಿಡಬೇಕೋ ಎಂದು ಶುರುವಿನಲ್ಲಿ ಅಲ್ಲ, ಟ್ರೇಸ್ ಮುಗಿದ ಮೇಲೆ ತೀರ್ಮಾನಿಸಿ. ತಪ್ಪಾದದ್ದು ಎಲ್ಲ ಇರಲಿ, 3 ಸೆಕೆಂಡು ದಾಟಿದ್ದು ಎಲ್ಲ ಇರಲಿ, ಉಳಿದದ್ದರಲ್ಲಿ ನೂರಕ್ಕೆ ಒಂದು ಇರಲಿ. ಇದಕ್ಕೆ ಕಲೆಕ್ಟರ್, ಅಂದರೆ ಸರ್ವಿಸ್‌ಗಳಿಂದ ಸ್ಪ್ಯಾನ್ ಸಂಗ್ರಹಿಸುವ ಪ್ರೋಗ್ರಾಂ, ಎಲ್ಲ ಸ್ಪ್ಯಾನ್‌ಗಳನ್ನೂ ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಡಬೇಕು. ಓಪನ್‌ಟೆಲಿಮೆಟ್ರಿಯಲ್ಲಿ ಅದು 30 ಸೆಕೆಂಡು, ಬೇಕಾದರೆ ಬದಲಿಸಬಹುದು. ಕಲೆಕ್ಟರ್ ಒಂದಕ್ಕಿಂತ ಜಾಸ್ತಿ ಇದ್ದರೆ ಒಂದೇ ಟ್ರೇಸ್‌ನ ಎಲ್ಲ ಸ್ಪ್ಯಾನ್‌ಗಳೂ ಒಂದೇ ಕಲೆಕ್ಟರ್‌ಗೆ ಹೋಗುವಂತೆ ಮುಂದೆ ಇನ್ನೊಂದು ಪದರ ಇಡಿ. ಇಲ್ಲದಿದ್ದರೆ ಒಂದು ಕಲೆಕ್ಟರ್ ಅರ್ಧ ಇಟ್ಟುಕೊಳ್ಳುತ್ತದೆ, ಇನ್ನೊಂದು ಉಳಿದರ್ಧ ಎಸೆಯುತ್ತದೆ.